ಲಗಾಮು ಹಿಡಿಯುವ ಮುನ್ನ

ರಜೆಯಲ್ಲಿ ಗಿರಿಧಾಮಗಳಿಗೆ ಹೋದಾಗ ಮಕ್ಕಳು ಕುದುರೆ ಸವಾರಿಗಾಗಿ ಹಟ ಹಿಡಿಯುತ್ತಾರೆ. ನಾವು ಕುದುರೆಯವನೊಡನೆ ದರಕ್ಕಾಗಿ ಚೌಕಾಸಿ ಮಾಡಿ, ಮಗುವನ್ನು ಜೀನಿನ ಮೇಲೆ ಕೂರಿಸಿ ಫೋಟೋ ತೆಗೆಯುತ್ತೇವೆ. ಆದರೆ ಹೊಟ್ಟೆಪಟ್ಟಿ ಬಿಗಿಯಾಗಿದೆಯೇ, ಆ ಪ್ರಾಣಿಯ ಬೆನ್ನಿನಲ್ಲಿ ಹುಣ್ಣಿದೆಯೇ, ಮಗುವಿನ ತಲೆಗೆ ಹೆಲ್ಮೆಟ್ ಇದೆಯೇ ಎಂದು ನೋಡುವುದಿಲ್ಲ. ಒಮ್ಮೆ ನಮ್ಮ ಕುಟುಂಬದ ಬಾಲಕನೊಬ್ಬ ಇಳಿಜಾರಿನಲ್ಲಿ ಜೀನು ಜಾರಿ ಕೆಳಗೆ ಬಿದ್ದ. ಕೈ ಮುರಿಯಿತು, ಜೀವ ಉಳಿಯಿತು. ಎಲ್ಲವೂ ವಿಧಿಲಿಖಿತ ಎಂದು ಹಿರಿಯರು ಸಂತೈಸಿದರು. ಸಡಿಲವಾಗಿದ್ದ ಪಟ್ಟಿಯ ಬಗ್ಗೆ ಯಾರೂ ಮಾತನಾಡಲಿಲ್ಲ.

ವಿಧಿಯ ಮೇಲಿನ ವಿಶ್ವಾಸವು ಅಜಾಗರೂಕತೆಗೆ ಹೊದಿಸುವ ಮುಸುಕಾಗಬಾರದು. ಒಂಟೆಯನ್ನು ಮೊದಲು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಕಲಿಸಿದವರು ನಮ್ಮ ಪ್ರವಾದಿವರ್ಯರು(ಸ). ಮದೀನಾದಲ್ಲಿ ಅವರು ಕುದುರೆ ಓಟಗಳನ್ನು ಏರ್ಪಡಿಸಿದಾಗ, ಪಳಗಿಸಿ ಸಜ್ಜುಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿಗಳ ದೂರವನ್ನು ಗೊತ್ತುಪಡಿಸಿದರು. ಸಜ್ಜಾಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದೇ ಮೈಲಿ. ಸಾಮರ್ಥ್ಯವನ್ನು ಅರಿತು ದೂರವನ್ನು ನಿರ್ಧರಿಸಬೇಕೆಂಬ ಪಾಠ ಇದರಲ್ಲಿದೆ.

ಇಂದು ಸವಾರಿ ಕಲಿತು ಬೆಟ್ಟ-ಕಾಡುಗಳ ದಾರಿಗೆ ಹೊರಡುವ ಯುವಕರು ನಮ್ಮಲ್ಲೂ ಇದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಆವರಣದೊಳಗೆ ಅರ್ಧ ಗಂಟೆ ಸುತ್ತುವ ಕುದುರೆಯನ್ನು ಏಕಾಏಕಿ ನಾಲ್ಕು ಗಂಟೆ ಬೆಟ್ಟ ಹತ್ತಿಸುವುದು ಅನ್ಯಾಯ. ವಾರಗಟ್ಟಲೆ ನಡಿಗೆಯಿಂದ ಆರಂಭಿಸಿ ದೂರವನ್ನೂ ಏರನ್ನೂ ಹಂತಹಂತವಾಗಿ ಹೆಚ್ಚಿಸಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44ರಷ್ಟಿರುತ್ತದೆ. ದಣಿವಿನ ಬಳಿಕ ಅದು ಬೇಗನೆ ಇಳಿಯದಿದ್ದರೆ ಅಂದಿನ ಶ್ರಮ ಮಿತಿಮೀರಿದೆ ಎಂದರ್ಥ. ಸವಾರ ಮತ್ತು ಜೀನಿನ ಒಟ್ಟು ಭಾರವು ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರದಿರುವುದು ಒಳ್ಳೆಯದು. ಹೊರಡುವ ಮುನ್ನ ನಾಲ್ಕೂ ಗೊರಸುಗಳನ್ನು ಎತ್ತಿ, ಕಲ್ಲು ತೆಗೆದು, ಲಾಳ ಅಲುಗಾಡುತ್ತಿದೆಯೇ ಎಂದು ಪರೀಕ್ಷಿಸಬೇಕು.

ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿ. ಹೆದರಿದಾಗ ಓಡುವುದು ಅದರ ಸಹಜ ಗುಣ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿ ಇರುವುದರಿಂದ ಅದು ಬಹುತೇಕ ಸುತ್ತಲೂ ನೋಡಬಲ್ಲದು, ಆದರೆ ನೇರ ಹಿಂದಿರುವುದು ಕಾಣದು. ಆದ್ದರಿಂದ ಹಾರುವ ಪ್ಲಾಸ್ಟಿಕ್, ಬೈಕಿನ ಸದ್ದು, ನಾಯಿ, ಹರಿಯುವ ನೀರು ಇವೆಲ್ಲವನ್ನೂ ಪರಿಚಿತ ಸ್ಥಳದಲ್ಲೇ ತಾಳ್ಮೆಯಿಂದ ಪರಿಚಯಿಸಬೇಕು. ಹೊಡೆದು ಕಲಿಸಿದರೆ ಅದು ಭಯವನ್ನಷ್ಟೇ ಕಲಿಯುತ್ತದೆ.

ಸವಾರನ ಸಿದ್ಧತೆಯೂ ಅಷ್ಟೇ ಮುಖ್ಯ. ಹೆಲ್ಮೆಟ್ ಇರಲಿ. ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಂತೆ ಹಿಮ್ಮಡಿಯುಳ್ಳ ಬೂಟು ಇರಲಿ. ಲಗಾಮನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು. ಜೀನು ಬಿಗಿಯುವಾಗ ಹಲವು ಕುದುರೆಗಳು ಮೈ ಬಿಗಿಹಿಡಿಯುತ್ತವೆ. ಆದ್ದರಿಂದ ಹತ್ತು ನಿಮಿಷ ನಡೆದ ಬಳಿಕ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಮೊಬೈಲು ಜೀನಿನ ಚೀಲದಲ್ಲಿರದೆ ಸವಾರನ ಮೈಮೇಲಿರಬೇಕು, ಏಕೆಂದರೆ ಬಿದ್ದಾಗ ಕುದುರೆ ಚೀಲದೊಂದಿಗೆ ಓಡಿಹೋಗುತ್ತದೆ. ಹೋಗುವ ದಾರಿ ಮತ್ತು ಮರಳುವ ವೇಳೆ ಮನೆಯವರಿಗೆ ತಿಳಿದಿರಲಿ. ಗುಂಪಿನಲ್ಲಿ ಹೋಗುವಾಗ ಎಲ್ಲರಿಗಿಂತ ಹೊಸಬನಾದ ಸವಾರನ ವೇಗವೇ ಗುಂಪಿನ ವೇಗವಾಗಬೇಕು. ನೀರಿನ ಬಳಿ ಎಲ್ಲ ಕುದುರೆಗಳೂ ಕುಡಿದು ಮುಗಿಸುವವರೆಗೆ ಯಾರೂ ಮುಂದೆ ಸಾಗಬಾರದು.

ಕುದುರೆಗೆ ದೂರು ಹೇಳಲು ನಾಲಿಗೆಯಿಲ್ಲ. ಅದರ ಬೆನ್ನು ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತು, ಅದರ ಮೇಲೆ ಕುಳಿತ ನಮ್ಮ ಮಗುವೂ ಅಮಾನತ್ತೇ. ಮುಂದಿನ ರಜೆಯಲ್ಲಿ ದರ ಕೇಳುವ ಮೊದಲು ನಾವು ಆ ಪಟ್ಟಿಯ ಕೆಳಗೆ ಬೆರಳಿಟ್ಟು ನೋಡೋಣ, ಕುದುರೆಯ ಬೆನ್ನನ್ನು ಕೈಯಿಂದ ಸವರಿ ನೋಡೋಣ. ಹುಣ್ಣು ಕಂಡರೆ ಮಗು ಅತ್ತರೂ ಸರಿ, ಹಿಂದಿರುಗೋಣ. ಅಂದು ಸವಾರಿ ತಪ್ಪಿದರೂ ಮಗು ಒಂದು ಪಾಠ ಕಲಿತು ಮನೆಗೆ ಬರುತ್ತದೆ.