ಬಾಳೆಲೆಯ ಊಟವೂ ಹೃದಯದ ಸ್ವಾಸ್ಥ್ಯವೂ

ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳಲ್ಲಿ ಪಲ್ಯ, ಕೋಸಂಬರಿ, ಸಾರುಗಳನ್ನುಂಡು ಬಾಳಿದ ಮುಂಬಯಿ ಕನ್ನಡಿಗರ ಮೊಮ್ಮಕ್ಕಳು ಇಂದು ಲೋಕಲ್ ಗಾಡಿಯ ಅವಸರದಲ್ಲಿ ಮೈದಾದ ತಿನಿಸುಗಳಿಗೆ ಮಾರುಹೋಗಿರುವುದು ನನಗೆ ತೀವ್ರ ಕಳವಳದ ಸಂಗತಿಯಾಗಿದೆ. ಏಕೆಂದರೆ ಹೃದಯಕ್ಕೆ ಹಿತವೆನಿಸುವ ಲಿಗ್ನಾನ್ ಎಂಬ ದ್ರವ್ಯ ಅಂತಹ ತಿನಿಸುಗಳಲ್ಲಿ ಕಡಿಮೆ. ಅಗಸೆ ಬೀಜ, ಎಳ್ಳುಗಳಲ್ಲಿರುವ ಈ ದ್ರವ್ಯವನ್ನು ಕರುಳಿನ ಸೂಕ್ಷ್ಮಾಣುಗಳು ಎಂಟೆರೋಲ್ಯಾಕ್ಟೋನ್ ಎಂಬ ಸಂಯುಕ್ತವಾಗಿ ಪರಿವರ್ತಿಸಿದ ಬಳಿಕವೇ ಅದು ಹೆಚ್ಚಾಗಿ ದೇಹಕ್ಕೆ ದಕ್ಕುವುದು. ಎರಡು ಲಕ್ಷಕ್ಕೂ ಮಿಕ್ಕ ಅಮೆರಿಕನ್ನರ ಆಹಾರಕ್ರಮವನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾರ್ಯಕಾರಣಸಂಬಂಧವನ್ನು ಸಾಬೀತುಪಡಿಸದಿದ್ದರೂ, ಲಿಗ್ನಾನನ್ನು ಹೆಚ್ಚು ಸೇವಿಸಿದವರಲ್ಲಿ ಹೃದ್ರೋಗ ಕಡಿಮೆಯೆಂದು ಕಂಡಿತು. ವೈದ್ಯರನ್ನು ಕೇಳದೆ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ನುಂಗುವವರಲ್ಲಿ ಈ ಸೂಕ್ಷ್ಮಾಣುಗಳ ಕಾರ್ಯವೇ ಕುಗ್ಗುವುದು. ಮುಲುಂಡ್, ಬೊರಿವಲಿಗಳ ಬಂಧುಗಳೇ, ನಾಳೆಯ ಡಬ್ಬಿಯಲ್ಲಿ ಒಂದು ಚಮಚ ಅಗಸೆ ಚಟ್ನಿಪುಡಿಗೆ ದಯವಿಟ್ಟು ಸ್ಥಳವಿಡಿ.