ಜೆಸಿಬಿ ಕೀಲಿ ಕೊಡದವರು ಸಹಿಯ ಕೀಲಿ ಕೊಡುತ್ತಾರೆ

ಆನಗೋಡು ಹೋಬಳಿಯಲ್ಲಿ ಗುತ್ತಿಗೆದಾರರು ಎಂದರೆ ದೊಡ್ಡ ಕಂಪನಿಯವರಲ್ಲ. ಒಂದು ಮಿಕ್ಸರ್, ಒಂದಿಷ್ಟು ಸೆಂಟ್ರಿಂಗ್ ಹಲಗೆ, ಇಬ್ಬರು ಮೇಸ್ತ್ರಿಗಳು, ಹತ್ತಿಪ್ಪತ್ತು ಆಳುಗಳು. ನಮ್ಮೂರುಗಳ ಚರಂಡಿ, ಸಿಸಿ ರಸ್ತೆ, ಅಂಗನವಾಡಿ, ಶಾಲೆಯ ಕಾಂಪೌಂಡ್ ಕಟ್ಟುವವರು ಇವರೇ. ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ಮೀಸಲಾದ ಕಾಮಗಾರಿಯ ಮಿತಿ 2023ರಲ್ಲಿ 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿದ ಮೇಲೆ, ಮನೆಯಲ್ಲಿ ಮೊದಲ ಬಾರಿಗೆ ಗುತ್ತಿಗೆ ಹಿಡಿಯುವ ಹುಡುಗರಿಗೂ ದಾರಿ ಅಗಲವಾಗಿದೆ.

ಆದರೆ ಈ ಕಸುಬಿನ ಅರ್ಧ ಭಾಗ ಈಗ ಕಂಪ್ಯೂಟರಿನಲ್ಲಿದೆ. ಟೆಂಡರ್ ಹಾಕಲು ಕೆಪಿಪಿಪಿ ಪೋರ್ಟಲ್. ಇಎಂಡಿ ಕಟ್ಟುವುದು ಆನ್‌ಲೈನ್. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್, ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಟೆಂಡರ್ ಹಾಕಲು ಬಳಸುವ ಡಿಜಿಟಲ್ ಸಹಿ, ಅಂದರೆ ಡಿಎಸ್‌ಸಿ, ಪೆನ್‌ಡ್ರೈವ್‌ನಂತಹ ಒಂದು ಟೋಕನ್‌ನಲ್ಲಿ ಇರುತ್ತದೆ. ನಮ್ಮ ಕಡೆ ಬಹಳ ಜನ ಆ ಟೋಕನ್ ಅನ್ನು ದಾವಣಗೆರೆಯ ಯಾವುದೋ ಸೆಂಟರ್‌ನ ಡ್ರಾಯರ್‌ನಲ್ಲಿ ಬಿಟ್ಟು ಬಂದಿರುತ್ತಾರೆ. ಪಿನ್ ಕೂಡ ಅದರ ಮೇಲೆಯೇ ಚೀಟಿ ಬರೆದು ಅಂಟಿಸಿರುತ್ತಾರೆ.

ಜೆಸಿಬಿಯ ಕೀಲಿಯನ್ನು ಹೀಗೆ ಯಾರಾದರೂ ಬಿಟ್ಟು ಬರುತ್ತಾರಾ? ರಾತ್ರಿ ಮಲಗುವಾಗ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಡಿಎಸ್‌ಸಿ ಅದಕ್ಕಿಂತ ದೊಡ್ಡ ಕೀಲಿ. ಅದರಿಂದ ಹಾಕಿದ ಸಹಿಗೆ ಕಾನೂನಿನಲ್ಲಿ ನೀವು ಕೈಯಾರೆ ಹಾಕಿದ ಸಹಿಯಷ್ಟೇ ಬೆಲೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಅದನ್ನು ಜೋಪಾನ ಮಾಡುವ ಹೊಣೆ ಸಹಿದಾರನದೇ. ಬೇರೆಯವರು ಮೋಸದಿಂದ ಬಳಸಿದರೆ 66ಸಿ ಕಲಂ ಅಡಿ ಮೂರು ವರ್ಷದವರೆಗೆ ಜೈಲು ಇದೆ, ನಿಜ. ಆದರೆ ಕೀಲಿ ಮತ್ತು ಪಿನ್ ಎರಡನ್ನೂ ನೀವೇ ಕೊಟ್ಟಿದ್ದರೆ ಮೋಸ ಆಯಿತೆಂದು ತೋರಿಸುವುದು ಸುಲಭವಲ್ಲ.

ಇನ್ನೊಂದು ಸಂಗತಿ ಯೋಚಿಸಿ. ಒಂದೇ ಟೆಂಡರ್‌ಗೆ ನೀವು ಮತ್ತು ನಿಮ್ಮ ಎದುರಾಳಿ ಇಬ್ಬರೂ ಒಂದೇ ಸೆಂಟರ್‌ನಲ್ಲಿ ದರ ತುಂಬಿಸಿದರೆ, ಲಕೋಟೆ ತೆರೆಯುವ ಮೊದಲೇ ಇಬ್ಬರ ದರವೂ ಒಬ್ಬನಿಗೆ ಗೊತ್ತಿರುತ್ತದೆ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೂ ನಂಬಿಕೆ ಬೇರೆ, ವ್ಯವಸ್ಥೆ ಬೇರೆ.

"ನಮ್ಮಂಥ ಸಣ್ಣವರ ಕಂಪ್ಯೂಟರಿಗೆ ಯಾರು ಕೈ ಹಾಕ್ತಾರ್ರೀ?" ಅನ್ನುವವರಿದ್ದಾರೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೇ ಕನ್ನ ಬಿತ್ತು. ಸುಮಾರು 11.5 ಕೋಟಿ ರೂಪಾಯಿ ಇಎಂಡಿ ಹಣ ಬೇರೆ ಖಾತೆಗಳಿಗೆ ಹೋಯಿತು, ಸಿಐಡಿ ತನಿಖೆಯೂ ನಡೆಯಿತು. ದೂರದ ಬ್ರಿಟನ್‌ನಲ್ಲಿ ಇಂಟರ್‌ಸರ್ವ್ ಎಂಬ ನಿರ್ಮಾಣ ಕಂಪನಿಯ ನೌಕರನೊಬ್ಬ 2020ರಲ್ಲಿ ಒಂದು ಕಳ್ಳ ಇಮೇಲ್ ತೆರೆದ. ಆಂಟಿವೈರಸ್ ಎಚ್ಚರಿಕೆ ಕೊಟ್ಟಿತ್ತು. ಆದರೆ ಅದರ ಬೆನ್ನು ಹತ್ತಿ ಸರಿಯಾಗಿ ನೋಡಿದವರು ಯಾರೂ ಇರಲಿಲ್ಲ. 1,13,000 ನೌಕರರ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. 2022ರಲ್ಲಿ ಅಲ್ಲಿನ ನಿಯಂತ್ರಕರು 44 ಲಕ್ಷ ಪೌಂಡ್ ದಂಡ ಹಾಕಿದರು. ಅಷ್ಟು ದೊಡ್ಡ ಕಂಪನಿಯಲ್ಲೂ ಸಾಫ್ಟ್‌ವೇರ್ ಇತ್ತು, ಅದರ ಮೇಲೆ ನಿಗಾ ಇರಲಿಲ್ಲ.

ನಮ್ಮ ಊರಿನಲ್ಲಿ ನಷ್ಟ ಕೋಟಿಯಲ್ಲಿ ಇರುವುದಿಲ್ಲ. ಕಂಪ್ಯೂಟರ್ ಕೆಟ್ಟು ಬಿಲ್‌ನ ಕಡತ, ಅಳತೆಯ ಲೆಕ್ಕ, ಕಾಮಗಾರಿ ಫೋಟೊ ಹೋದರೆ ಬಿಲ್ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಬಿಲ್ ನಿಂತರೆ ಶನಿವಾರದ ಬಟವಾಡೆ ನಿಲ್ಲುತ್ತದೆ. ಗುತ್ತಿಗೆದಾರ ಕೈಸಾಲ ಮಾಡಿಯಾದರೂ ತಡೆದುಕೊಳ್ಳಬಹುದು. ಗಾರೆ ಕಲಸುವ ಹೆಣ್ಣುಮಕ್ಕಳ ಮನೆಯಲ್ಲಿ ಆ ವಾರದ ಸಂತೆಯೇ ನಿಲ್ಲುತ್ತದೆ. ಹಾಗಾಗಿ ಇದು ಗುತ್ತಿಗೆದಾರರ ಸ್ವಂತ ವಿಚಾರ ಎಂದು ನಾವು ಬಿಡುವಂತಿಲ್ಲ.

ನಗರದ ನಿರ್ಮಾಣ ಕಂಪನಿಗಳು ಇದಕ್ಕೆ ತಿಂಗಳ ಲೆಕ್ಕದಲ್ಲಿ ಕರಾರು ಮಾಡಿಕೊಳ್ಳುತ್ತವೆ. ಕೆಟ್ಟ ಮೇಲೆ ರಿಪೇರಿಯವನನ್ನು ಕರೆಯುವುದಲ್ಲ, ಕೆಡದಂತೆ ನೋಡಿಕೊಳ್ಳಲು ಸಂಬಳ ಕೊಡುವುದು. ಮಿಕ್ಸರ್‌ಗೆ ಗ್ರೀಸ್, ಜೆಸಿಬಿಗೆ ಗಂಟೆ ಲೆಕ್ಕ ನೋಡಿ ಆಯಿಲ್ ಹಾಕುವ ನಮ್ಮವರಿಗೆ ಇದು ಹೊಸ ಪಾಠವೇನಲ್ಲ. ಒಬ್ಬರಿಗೇ ಈ ಖರ್ಚು ಭಾರ. ಹದಿನೈದು ಗುತ್ತಿಗೆದಾರರು ತಿಂಗಳಿಗೆ ತಲಾ ಸಾವಿರ ಹಾಕಿದರೆ 15 ಸಾವಿರ ಆಗುತ್ತದೆ. ಬಿಸಿಎ, ಡಿಪ್ಲೊಮಾ ಓದಿ ಬೆಂಗಳೂರು ಬಸ್ ಹತ್ತಲು ನಿಂತಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಊರಿನಲ್ಲೇ ಕೆಲಸ ಸಿಗುತ್ತದೆ.

ಆದರೆ ಕರಾರು ಬಾಯಿಮಾತಿನಲ್ಲಿ ಬೇಡ, ಬರೆದಿಡಿ. ಅದರಲ್ಲಿ ಇಷ್ಟಾದರೂ ಇರಲಿ:

ಒಂದು, ಡಿಎಸ್‌ಸಿ ಮತ್ತು ಪಿನ್ ಮಾಲೀಕರ ಬಳಿಯೇ ಇರಬೇಕು. ದಾಖಲೆ ಸಿದ್ಧ ಮಾಡುವುದು ಹುಡುಗರ ಕೆಲಸ, ಸಹಿ ನಿಮ್ಮದು. ಟೆಂಡರ್ ಸಲ್ಲಿಸುವ ದಿನ ಟೋಕನ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಜೇಬಿನಲ್ಲೇ ವಾಪಸ್ ತನ್ನಿ.

ಎರಡು, ಪೋರ್ಟಲ್, ಜಿಎಸ್‌ಟಿ, ಬ್ಯಾಂಕ್ ಎಲ್ಲದಕ್ಕೂ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಇರಲಿ. ಸೆಂಟರ್‌ನವರ ನಂಬರ್ ಕೊಟ್ಟರೆ ಒಟಿಪಿ ಅವರಿಗೇ ಹೋಗುತ್ತದೆ.

ಮೂರು, ಮುಖ್ಯ ಕಡತಗಳ ಮೂರು ಪ್ರತಿ ಇರಲಿ. ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ನಿಮ್ಮ ಹೆಸರಿನ ಆನ್‌ಲೈನ್ ಖಾತೆಯಲ್ಲಿ ಒಂದು. ಕೆಲಸ ಮುಗಿದ ಮೇಲೆ ಹಾರ್ಡ್‌ಡಿಸ್ಕ್ ಬಿಚ್ಚಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ ಅದನ್ನೂ ತಿನ್ನುತ್ತದೆ.

ನಾಲ್ಕು, ಹಳೆ ಕಂಪ್ಯೂಟರ್ ಇದ್ದರೆ ತೋರಿಸಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಐದು, ಕರಾರು ಮುರಿದ ದಿನ ಎಲ್ಲ ಪಾಸ್‌ವರ್ಡ್ ಬದಲಾಗಬೇಕು, ಎಲ್ಲ ಕಡತ ನಿಮ್ಮ ಕೈಗೆ ಬರಬೇಕು.

ಹಣ ಹೋಗಿದೆ ಎಂದು ಗೊತ್ತಾದರೆ ಮಾರನೇ ದಿನಕ್ಕೆ ಕಾಯಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಟೋಕನ್ ಕಳೆದರೆ ಅದನ್ನು ಕೊಟ್ಟ ಸಂಸ್ಥೆಗೆ ತಿಳಿಸಿ ರದ್ದು ಮಾಡಿಸಿ.

ಇದನ್ನು ಓದುತ್ತಿರುವ ಗುತ್ತಿಗೆದಾರರಿಗೆ ನಮ್ಮದು ಒಂದೇ ಮಾತು. ಮುಂದಿನ ಸಲ ದಾವಣಗೆರೆಗೆ ಹೋದಾಗ ಸಿಮೆಂಟ್ ಅಂಗಡಿಗೆ ಹೋಗುವ ಮೊದಲು ಸೆಂಟರ್‌ಗೆ ಹೋಗಿ. ನಿಮ್ಮ ಟೋಕನ್ ಕೇಳಿ ಪಡೆಯಿರಿ, ಅಲ್ಲೇ ಕೂತು ಪಿನ್ ಬದಲಿಸಿ. ಕರಾರಿನ ಮಾತು ಆಮೇಲೆ ಆಡೋಣ.