ಕ್ಯಾಮರಾ ಯಾರ ಕೈಗೆ?

ಬರುವ ತಿಂಗಳು ನನ್ನ ಮಗಳು ಬಾಣಂತನಕ್ಕೆಂದು ಹಾಸನಕ್ಕೆ ಬರುತ್ತಾಳೆ. ಅಟ್ಟದಿಂದ ತೊಟ್ಟಿಲು ಇಳಿಯುವ ಮೊದಲೇ ಮನೆಯಲ್ಲಿ ಕ್ಯಾಮರಾದ ಚರ್ಚೆ ಶುರುವಾಗಿದೆ. ಚನ್ನರಾಯಪಟ್ಟಣದ ನಮ್ಮ ಅಳಿಯಂದಿರಿಗೆ ಕಂತಿನ ಮೇಲಾದರೂ ಒಂದು ದೊಡ್ಡ ವಿಡಿಯೊ ಕ್ಯಾಮರಾ ಬೇಕಂತೆ. ಹೊಳೆನರಸೀಪುರದ ನಾದಿನಿ, "ಹುಟ್ಟುವ ಮೊದಲು ಕೂಸಿಗೆಂದು ಏನೂ ತರಬಾರದು" ಅನ್ನುತ್ತಾಳೆ. ಅರಕಲಗೂಡಿನ ಚಿಕ್ಕಮ್ಮನಿಗೆ ದೃಷ್ಟಿಯ ಭಯ. ಹೆರುವವಳಿಗೆ ಏನು ಬೇಕೆಂದು ಮಾತ್ರ ಯಾರೂ ಕೇಳಿಲ್ಲ.

ನನ್ನನ್ನೂ ಯಾರೂ ಕೇಳಿರಲಿಲ್ಲ. 1994ರಲ್ಲಿ ಇದೇ ಮಗಳು ಹೊಟ್ಟೆಯಲ್ಲಿದ್ದಾಗ ನಮ್ಮವರು ಒಂದು ಕ್ಯಾಮರಾ ತಂದರು. ನನ್ನ ಎರಡು ಬಳೆ ಅಡವಿಗೆ ಹೋದವು, ಸಾಲದ್ದಕ್ಕೆ ಕೈಗಡ. ನಾಮಕರಣಕ್ಕೆ ಬಂದವರೆಲ್ಲ ಕೂಸಿಗಿಂತ ಹೆಚ್ಚಾಗಿ ಕ್ಯಾಮರಾವನ್ನೇ ನೋಡಿದರು. ಅದನ್ನು ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ, "ಹಾಳು ಮಾಡಿಬಿಡ್ತೀಯ" ಅನ್ನುವ ಮಾತು ಸದಾ ಸಿದ್ಧ. ಹನ್ನೆರಡು ವರ್ಷದವಳಾಗಿದ್ದಾಗ ಮಗಳು ಆ ಕ್ಯಾಸೆಟ್ಟು ನೋಡಿ, "ಅಮ್ಮ, ನೀನೆಲ್ಲಿ?" ಎಂದಳು. ಕೂಸನ್ನು ಎತ್ತಿಕೊಡುವ ಎರಡು ಕೈ, ಬಾಗಿಲ ಮರೆಯ ಸೆರಗು, ಅಷ್ಟೇ ನಾನು. ಆಮೇಲೆ ಕ್ಯಾಮರಾ ಕೆಟ್ಟಿತು. ಆ ಪುಟ್ಟ ಕ್ಯಾಸೆಟ್ಟು ಬೇರೆ ಯಂತ್ರದಲ್ಲಿ ಓಡದು. ಮಳೆಗಾಲದ ತೇವಕ್ಕೆ ಅದಕ್ಕೀಗ ಬೂಷ್ಟು ಹಿಡಿದಿದೆ.

ಇದು ನನ್ನೊಬ್ಬಳ ಗೋಳಲ್ಲ. ನಿಮ್ಮ ಮದುವೆಯ ದೊಡ್ಡ ಕ್ಯಾಸೆಟ್ಟು ಬೀರುವಿನಲ್ಲಿದೆಯಷ್ಟೆ? ಅದನ್ನು ಓಡಿಸುವ ವಿ.ಸಿ.ಆರ್. ಎಲ್ಲಿ? ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರಲ್ಲಿ ಕೈ ಬಿಟ್ಟಿತು. ಯಂತ್ರಕ್ಕೆ ಸುರಿದ ಹಣ ನೆನಪನ್ನು ಕಾಯುವುದಿಲ್ಲ, ತಾಯಂದಿರೇ.

"ನೆನಪಿಗೆ ಬೆಲೆ ಕಟ್ಟಲಾದೀತೇ?" ಎಂದು ಅಳಿಯಂದಿರ ಪ್ರಶ್ನೆ. ನೆನಪಿಗೆ ಕಟ್ಟಲಾಗದು, ಕ್ಯಾಮರಾಕ್ಕೆ ಕಟ್ಟಿಯೇ ಮಾರುತ್ತಾರೆ. ಮನೆಯಲ್ಲಿ ಒಂದು ಒಳ್ಳೆಯ ಮೊಬೈಲು ಇದ್ದರೆ ಮೊದಲ ವರ್ಷಕ್ಕೆ ಅದೇ ಸಾಕು. ಕೊಳ್ಳಲೇಬೇಕೆಂದರೆ ಅಂಗಡಿಯವನ ಜೂಮಿನ ವರ್ಣನೆಗೆ ಮರುಳಾಗಬೇಡಿ. ತೊಟ್ಟಿಲ ಕೂಸು ಇರುವುದು ಒಂದು ಮಾರು ದೂರದಲ್ಲಿ, ಅದಕ್ಕೆ ಜೂಮೇಕೆ? ಅಂಗಡಿಯ ಝಗಝಗ ಬೆಳಕಿನಲ್ಲಿ ಎಲ್ಲ ಕ್ಯಾಮರಾವೂ ಚೆಂದವೇ. ಬಾಣಂತಿ ಕೋಣೆ ಮಬ್ಬು, ಕೂಸಿನ ಕಣ್ಣಿಗೆ ದೀಪ ಹಿಡಿಯುವಂತಿಲ್ಲ. ಆದ್ದರಿಂದ ಅಂಗಡಿಯ ಕತ್ತಲ ಮೂಲೆಯಲ್ಲಿ ತೆಗೆದು ನೋಡಿ. ಒಂದೇ ಕೈಯಲ್ಲಿ ಹಿಡಿಯಿರಿ, ಇನ್ನೊಂದರಲ್ಲಿ ಕೂಸಿರುತ್ತದೆ. ಪಿಸುಮಾತು ಕೇಳಿಸುತ್ತದೆಯೇ ಪರೀಕ್ಷಿಸಿ. ಮುಂದೆ ಹೆಚ್ಚು ಕಾಡುವುದು ದನಿಯೇ. ಅಗ್ಗವೆಂದು ಹಳೆಯ ಕ್ಯಾಸೆಟ್ಟಿನ ಕ್ಯಾಮರಾ ಮಾತ್ರ ತರಬೇಡಿ, ಮೆಮೊರಿ ಕಾರ್ಡಿನದೇ ಇರಲಿ. ಸಾಧಾರಣ ಫುಲ್ ಎಚ್.ಡಿ. ಚಿತ್ರ ಮೊಬೈಲಿನಲ್ಲಿ ಗಂಟೆಗೆ ಸುಮಾರು 4ರಿಂದ 8 ಜಿ.ಬಿ. ಜಾಗ ತಿನ್ನುತ್ತದೆ. ತೆಗೆದದ್ದನ್ನು ತಿಂಗಳಿಗೊಮ್ಮೆ ಎರಡು ಕಡೆ ನಕಲು ಮಾಡಿ, ಒಂದು ತವರಲ್ಲಿ, ಒಂದು ಗಂಡನ ಮನೆಯಲ್ಲಿ.

ಉಳಿದ ದುಡ್ಡಿಗೆ ದಾರಿ ಇಲ್ಲವೇ? ಎಣ್ಣೆ ನೀರು ಹಾಕುವವಳಿಗೆ ಕೈತುಂಬ ಕೊಡಿ. ಬಟ್ಟೆ ಒಗೆಯಲು ಮೂರು ತಿಂಗಳು ಒಬ್ಬರನ್ನಿಡಿ. ಆಸ್ಪತ್ರೆಗೆಂದು ಒಂದಿಷ್ಟು ತೆಗೆದಿಡಿ. ನಡುರಾತ್ರಿ ಕೂಸು ಕೆಂಡದಂತೆ ಸುಟ್ಟರೆ ಕೈಗೆ ಬರುವುದು ಕ್ಯಾಮರಾ ಅಲ್ಲ, ಆ ದುಡ್ಡು.

ಅಳಿಯಂದಿರಿಗೆ ನನ್ನ ಷರತ್ತು ಒಂದೇ. ಕ್ಯಾಮರಾ ಯಾವುದೇ ಇರಲಿ, ಅದು ಮನೆಯ ಹೆಂಗಸರ ಕೈಗೂ ಸಿಗಬೇಕು. ವಾರಕ್ಕೊಮ್ಮೆಯಾದರೂ ಕೂಸಿನ ಜೊತೆ ಅದರ ತಾಯಿಯನ್ನು ತೆಗೆಯಬೇಕು. ತಲೆ ಬಾಚದೆ, ನಿದ್ದೆಗೆಟ್ಟು, ಸ್ವೆಟರು ಹಾಕಿ ಕಿವಿಗೆ ಹತ್ತಿಯಿಟ್ಟು ಕೂತಿದ್ದರೂ ಸರಿಯೇ. ತೆಗೆಯಲೇ ಎಂದು ಮೊದಲು ಅವಳನ್ನೇ ಕೇಳಬೇಕು. "ಈಗ ಬೇಡ" ಎಂದರೆ ಕೆಳಗಿಡಬೇಕು.

ನನ್ನ ಬಳೆಗಳನ್ನು ನಾಲ್ಕು ವರ್ಷದ ಮೇಲೆ ಬಿಡಿಸಿಕೊಂಡೆ. ಕೂಸನ್ನೆತ್ತಿಕೊಂಡ ನನ್ನ ಆಗಿನ ಮುಖ ಮಾತ್ರ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ನನ್ನ ಮಗಳ ಮುಖ ಹಾಗೆ ಕಳೆದುಹೋಗಲು ನಾನು ಬಿಡುವವಳಲ್ಲ.